ನೂಲಿಗೆ ಕಡ್ಡಿ ಗೀರಿ

ಗುರುವಾರ ಬೆಳಗಿನ ಜಾವ, ಬೇಲು ಬಿಚ್ಚುವ ಹೊತ್ತು.
ಅಕ್ರಾದ ಕಂಟಮಂಟೋ ಸಂತೆ.
ಸತ್ತ ಬಿಳಿಯರ ಬಟ್ಟೆ ಎಂದೇ ಇಲ್ಲಿಯ ಸರಕಿಗೆ ಹೆಸರು.
ಸಾಯದೆ ಯಾರಾದರೂ ಇಷ್ಟು ಒಳ್ಳೆಯದನ್ನು
ಬಿಸಾಕುತ್ತಾರೆಯೇ ಎಂದುಕೊಂಡಿದ್ದರು ನಮ್ಮ ಅಜ್ಜಂದಿರು.

ಟೆಮಾ ಬಂದರಿನಿಂದ ಮೊದಲ ಟ್ರೋಟ್ರೋ ವ್ಯಾನು ಹಿಡಿದು ಬಂದಿದ್ದೇವೆ,
ನಾನು, ನನ್ನ ಬಳಿ ಕೆಲಸ ಕಲಿಯುವ ಡ್ಜಿಫಾ.
ಮೂರು ತಿಂಗಳಿಂದ ತಮ್ಮನ ಫುಟ್‌ಬಾಲ್ ಅಂಗಿಯಲ್ಲೇ
ಬೆಸುಗೆಗೆ ಕೂರುತ್ತಾಳೆ. ಹೊಳೆಯುವ ಬಟ್ಟೆ.
ಮೊನ್ನೆ ಒಂದು ಕಿಡಿ ತಾಗಿ ಅಂಗೈಯಗಲ ಕರಗಿ
ಹೊಟ್ಟೆಗೆ ಅಂಟಿತು. ಕಿತ್ತಾಗ ಚರ್ಮವೂ ಬಂತು.
ಅವಳು ಅಳಲಿಲ್ಲ. ನಾನು ಆ ರಾತ್ರಿ ಉಣ್ಣಲಿಲ್ಲ.

ನಾ ಕೊರ್ಕೋಯ್‌ಳ ಮಳಿಗೆ. ಅಂಗಿಗಳ ಗುಡ್ಡೆ.
"ಮುಟ್ಟಿ ನಂಬಬೇಡ," ಎಂದೆ, "ಬೆರಳಿಗೆ ಎಲ್ಲವೂ ಹತ್ತಿಯೇ.
ಒಳಹೊಲಿಗೆಯ ಪಕ್ಕದಿಂದ ಒಂದು ಎಳೆ ಕೀಳು."
ಕಡ್ಡಿ ಗೀರಿದೆ.
ಕಪ್ಪು ಹೊಗೆ, ತುದಿಯಲ್ಲೊಂದು ಗಟ್ಟಿ ಮಣಿ: ಬೇಡ,
ಅದು ಹಿಡಿದರೆ ಬಿಡುವುದಿಲ್ಲ.
ಕಾಗದ ಸುಟ್ಟ ವಾಸನೆ, ಊದಿದರೆ ಹಾರುವ ಬೂದಿ: ಅದು ಹತ್ತಿ,
ಉರಿದರೂ ಉದುರಿಹೋಗುವ ಮರ್ಯಾದೆ ಉಂಟು ಅದಕ್ಕೆ.
"ನನ್ನ ಅಂಗಡಿಗೇ ಬೆಂಕಿ ಇಡುತ್ತೀಯೇನೋ ಮುದುಕ!"
ಕೊರ್ಕೋಯ್ ಬೈದಳು. ಬೈಯುತ್ತಲೇ
ಬೂದಿಗೆ ತಾನೇ ಹಳೆ ಹಾಲಿನ ಡಬ್ಬಿ ಹಿಡಿದಳು.

ಬಿಳಿ ಅಂಗಿಯೊಂದನ್ನು ಎತ್ತಿಕೊಂಡಳು ಡ್ಜಿಫಾ. ಬೇಡ.
ಎದೆಯ ಬಿಳುಪಿಗೆ ಬಡಿದ ಬೆಳಕು
ಮುಖವಾಡದ ಅಡಿಯಿಂದ ನುಸುಳಿ ಕಣ್ಣು ತಿನ್ನುತ್ತದೆ,
ರಾತ್ರಿಯಿಡೀ ರೆಪ್ಪೆಯೊಳಗೆ ಮರಳು.
ಅಂಚು ಹೊರಕ್ಕೆ ಮಡಚಿದ ಪ್ಯಾಂಟು. ಬೇಡ,
ಕಿಡಿಗೆ ಅದು ತೊಟ್ಟಿಲು.
ಜೇಬಿಗೆ ಮುಚ್ಚಳವಿರಲಿ. ಕೊರಳ ಕಡೆಯ ಗುಂಡಿಯೂ ಇರಲಿ, ನೋಡು,
ಎಂದು ನನ್ನ ಕತ್ತು ತೋರಿಸಿದೆ:
ಇಪ್ಪತ್ತಾರು ವರ್ಷ ಸೆಕೆಗೆ ಬಿಚ್ಚಿಟ್ಟ ಎರಡು ಗುಂಡಿ,
ಚರ್ಮದಲ್ಲಿ ಉಳಿದ ಮುಕ್ಕೋನ.
"ಸೆಕೆಗೇನು ಮಾಡಲಿ?" ಎಂದಳು.
ಹೊರಗೆ ಮೂವತ್ತನಾಲ್ಕು ಡಿಗ್ರಿ, ಹಡಗಿನ ಹೊಟ್ಟೆಯಲ್ಲಿ ಇನ್ನೂ ಹತ್ತು.
ನೀರು ಕುಡಿ, ಎಂದೆ.
ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಸಿಕ್ಕಿತು, ಗುಡ್ಡೆಯ ತಳದಲ್ಲಿ,
ಕಡುನೀಲಿ, ಇಡೀ ಮೈಯ ಉಡುಪು, ಒದ್ದೆ ಗೋಣಿಯಷ್ಟು ಭಾರ.
ಎಳೆ ಸುಟ್ಟೆ: ಬೂದಿ. ಹೊಲಿಗೆಯ ದಾರ ಸುಟ್ಟೆ: ಅದೂ ಬೂದಿ.
ಹೊಲಿದವರಿಗೆ ಗೊತ್ತಿತ್ತು,
ಹೊಲಿಗೆಯೇ ಕರಗಿದರೆ ಬಟ್ಟೆ ಉಳಿದೇನು ಫಲ ಎಂದು.
ಎದೆಯ ಮೇಲೆ ಕೆಂಪು ನೂಲಲ್ಲೊಂದು ಹೆಸರು: ಎಸ್ಕಿಲ್.
ಬೆನ್ನಿಗೆ ನಾರ್ವೆಯ ಯಾವುದೋ ಹಡಗುಕಟ್ಟೆ.

ಹಲಗೆಯ ಮೇಲೆ ಹರಡಿದೆ. ಬೆಸುಗೆಯವನ ಬಟ್ಟೆಯನ್ನು
ಬೆಸುಗೆಯವನು ಓದಬಲ್ಲ.
ಮಂಡಿ ಸವೆದಿದೆ: ನೆಲದ ಕೆಲಸ ಹೆಚ್ಚು.
ಬಲತೋಳು ಹೊಸದರಂತಿದೆ.
ಎಡತೋಳಿನ ತುಂಬ, ಎಡತೊಡೆಯ ತುಂಬ
ಸಾಸಿವೆ ಚೆಲ್ಲಿದಂತೆ ಕಂದು ಚುಕ್ಕೆ.
ಎಡಗೈಯವನು, ಈ ಎಸ್ಕಿಲ್.

ಡ್ಜಿಫಾಳೂ ನೋಡುತ್ತಿದ್ದಳು. ಮಾತಾಡಲಿಲ್ಲ.
ಮೂರು ತಿಂಗಳಿಂದ ಅವಳ ಎಡಗೈಯಿಂದ
ಬೆಸುಗೆ ಹಿಡಿಯನ್ನು ಕಿತ್ತು ಬಲಗೈಗೆ ಕೊಡುತ್ತಿದ್ದೇನೆ,
ಎಡಗೈಯಲ್ಲಿ ಕೊಟ್ಟದ್ದನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ
ಎಂದು ನನ್ನ ಗುರು ಹೇಳಿದ್ದನ್ನೇ ಹೇಳುತ್ತಿದ್ದೇನೆ.
ಅವಳ ಬಲಗೈಯ ಬೆಸುಗೆ, ಕುಡಿದವನ ಹೆಜ್ಜೆ.

ತೋಳು ಉದ್ದ, ಕಾಲು ಉದ್ದ. ರಸ್ತೆಬದಿಯ ದರ್ಜಿಗೆ
ಒಳಕ್ಕೆ ಮಡಚು, ಹತ್ತಿ ದಾರವನ್ನೇ ಹಾಕು,
ಎಂದು ಎರಡು ಸಲ ಹೇಳಿದೆ.
ಹೆಸರು ಬಿಚ್ಚಲೇ, ಎಂದ.
ಡ್ಜಿಫಾ ಬೇಡವೆಂದಳು.

ಸೋಮವಾರ, ಮೀನುಹಡಗಿನ ತುಕ್ಕು ಹಿಡಿದ ತಳದಲ್ಲಿ
ಗುಂಡಿಯೆಲ್ಲ ಕೊರಳವರೆಗೆ ಹಾಕಿಕೊಂಡು ನಿಂತಿದ್ದಳು.
ಉಳಿದ ಹುಡುಗರು ಆಗಲೇ ಎಸ್ಕಿಲ್ ಎಂದು ಕೂಗುತ್ತಿದ್ದರು.
ನಾನು ಹಿಡಿಯನ್ನು ಅವಳ ಕೈಗೆ ಕೊಡಲಿಲ್ಲ.
ಇಬ್ಬರ ನಡುವೆ ಕಬ್ಬಿಣದ ಮೇಲಿಟ್ಟು
ಮುಖವಾಡ ಇಳಿಸಿಕೊಂಡೆ.

ಬೆಳಕು ಎಡಗಡೆಯಿಂದ ಬಂತು.